ತಡವಾಗಿ ಕಲಿಯುವ ಅಂಗಗಳು

ಹತ್ತು ಕಿಲೋಮೀಟರು ದೂರವನ್ನು ತೆರೆದ ನೀರಿನಲ್ಲಿ ಈಜಿ, ದಡ ಸೇರಿದೊಡನೆ ಸೈಕಲ್ ಏರಿ ಅದೇ ದಿನ ಸುಮಾರು 145 ಕಿಲೋಮೀಟರು ತುಳಿದು, ರಾತ್ರಿ ಕಳೆದ ಮೇಲೆ ಎರಡನೆಯ ದಿನ ಮತ್ತೆ ಸುಮಾರು 276 ಕಿಲೋಮೀಟರು ತುಳಿದು, ಮೂರನೆಯ ದಿನ 84 ಕಿಲೋಮೀಟರಿಗೂ ಮಿಕ್ಕ ದೂರವನ್ನು, ಎಂದರೆ ಎರಡು ಮ್ಯಾರಥಾನುಗಳನ್ನು ಒಂದರ ಬೆನ್ನಿಗೊಂದು ಇಟ್ಟಷ್ಟು ದೂರವನ್ನು, ಓಡಿ ಮುಗಿಸತಕ್ಕ ಒಂದು ಸ್ಪರ್ಧೆಯುಂಟು. ಅದಕ್ಕೆ ಅಲ್ಟ್ರಾಮ್ಯಾನ್ ಎಂದು ಹೆಸರು. ದಿನದಿನದ ಪಾಲನ್ನು ಹನ್ನೆರಡು ಗಂಟೆಗಳೊಳಗೆ ಮುಗಿಸಲಾರದವರು ಸ್ಪರ್ಧೆಯಿಂದ ಹೊರಗುಳಿಯುತ್ತಾರೆ. ಇದರ ವಿವರವನ್ನು ಮೊದಲ ಸಲ ಕೇಳಿದವರು ಇದು ಮನೋಬಲದ ಪವಾಡವೆಂದೋ, ಹುಟ್ಟಿನಿಂದಲೇ ಬಂದ ದೇಹದಾರ್ಢ್ಯದ ಫಲವೆಂದೋ ಭಾವಿಸುವುದು ಸಹಜ. ಮನೋಬಲವೂ ಬೇಕು, ಹುಟ್ಟಿನಿಂದ ಬಂದದ್ದೂ ಸ್ವಲ್ಪ ನೆರವಾಗುತ್ತದೆ, ಸಂದೇಹವಿಲ್ಲ. ಆದರೆ ಶರೀರಶಾಸ್ತ್ರವು ಕಳೆದ ನೂರು ವರ್ಷಗಳಲ್ಲಿ ಕೂಡಿಹಾಕಿರುವ ಜ್ಞಾನವನ್ನು ಪರಾಮರ್ಶಿಸಿದವರಿಗೆ ಕಾಣುವ ಚಿತ್ರವೇ ಬೇರೆ. ನಮ್ಮ ದೇಹದ ಅಂಗಗಳೆಲ್ಲ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ರಕ್ತವು ದಿನಗಳಲ್ಲಿ ಕಲಿತದ್ದನ್ನು ಸ್ನಾಯುವು ವಾರಗಳಲ್ಲಿ ಕಲಿಯುತ್ತದೆ, ಎಲುಬು ತಿಂಗಳುಗಳಲ್ಲಿ ಕಲಿಯುತ್ತದೆ, ಸ್ನಾಯುವನ್ನು ಎಲುಬಿಗೆ ಬಿಗಿಯುವ ರಜ್ಜುವು ಅದಕ್ಕಿಂತಲೂ ತಡವಾಗಿ ಕಲಿಯುತ್ತದೆ. ಇಂಥ ಸ್ಪರ್ಧೆಗೆ ಸಿದ್ಧನಾಗುವುದೆಂದರೆ, ಇವುಗಳಲ್ಲಿ ಅತ್ಯಂತ ಮಂದವಾದ ಅಂಗವು ಕಲಿತು ಮುಗಿಸುವವರೆಗೆ ಉಳಿದವನ್ನು ತಾಳ್ಮೆಯಿಂದ ತಡೆದು ನಿಲ್ಲಿಸುವುದು.

ಈಜು, ಸೈಕಲ್, ಓಟಗಳನ್ನು ಒಂದೇ ಸ್ಪರ್ಧೆಯಲ್ಲಿ ಪೋಣಿಸುವ ಟ್ರಯಥ್ಲಾನ್ ಇಂದಿನ ರೂಪದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ 1974ರಲ್ಲಿ ಮೊದಲಾಯಿತು. ಅದನ್ನು ಹಿಗ್ಗಿಸಿ, 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ ಎಂಬ ಐರನ್‌ಮ್ಯಾನ್ ಸ್ಪರ್ಧೆಯನ್ನು ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಹವಾಯಿಯಲ್ಲಿ ಏರ್ಪಡಿಸಿದ್ದು 1978ರ ಫೆಬ್ರವರಿಯಲ್ಲಿ; ಹೊರಟ ಹದಿನೈದು ಮಂದಿಯಲ್ಲಿ ಹನ್ನೆರಡು ಮಂದಿ ಮುಗಿಸಿದರು, ಮೊದಲಿಗನಾದ ಗಾರ್ಡನ್ ಹಾಲರ್‌ಗೆ 11 ಗಂಟೆ 46 ನಿಮಿಷಗಳು ಬೇಕಾದವು. ಮೂರು ದಿನಗಳ ಅಲ್ಟ್ರಾಮ್ಯಾನ್ ಹುಟ್ಟಿದ್ದು ಅದೇ ಹವಾಯಿಯಲ್ಲಿ, 1983ರಲ್ಲಿ. ಕನ್ನಡನಾಡಿಗೆ ಈ ಸಾಹಸ ಅಪರಿಚಿತವೇನಲ್ಲ. ಬೆಂಗಳೂರಿನ ಇಂಜಿನಿಯರ್ ಅನು ವೈದ್ಯನಾಥನ್ ಅವರು 2009ರಲ್ಲಿ ಕೆನಡಾದ ಅಲ್ಟ್ರಾಮ್ಯಾನ್ ಸ್ಪರ್ಧೆಯನ್ನು ಪೂರೈಸಿ, ಆ ಸಾಧನೆಗೈದ ಏಷ್ಯಾದ ಪ್ರಥಮ ಮಹಿಳೆಯೆನಿಸಿದರು. ಹುಬ್ಬಳ್ಳಿಯನ್ನು ಕೇಂದ್ರವಾಗಿ ಉಳ್ಳ ನೈಋತ್ಯ ರೈಲ್ವೆಯ ಹಣಕಾಸು ವಿಭಾಗದ ಅಧಿಕಾರಿಯಾಗಿದ್ದ ಶ್ರೇಯಸ್ ಹೊಸೂರ್ ಅವರು 2022ರ ಜೂನ್ ತಿಂಗಳಲ್ಲಿ ಜರ್ಮನಿಯ ಹ್ಯಾಂಬುರ್ಗ್‌ನ ಐರನ್‌ಮ್ಯಾನ್ ಅನ್ನು 13 ಗಂಟೆ 26 ನಿಮಿಷಗಳಲ್ಲಿ ಮುಗಿಸಿದರು. 2019ರಲ್ಲಿ ಅದರ ಅರ್ಧ ದೂರದ ಸ್ಪರ್ಧೆ ಗೋವೆಗೇ ಬಂದಿತಾದ್ದರಿಂದ, ಧಾರವಾಡ ಜಿಲ್ಲೆಯವರಿಗೆ ಸ್ಪರ್ಧೆಯ ಕಡಲು ಈಗ ಒಂದೇ ಹಗಲಿನ ಪ್ರಯಾಣದಷ್ಟು ಹತ್ತಿರದಲ್ಲಿದೆ.

ಈ ಅಧ್ಯಾಯದ ಪ್ರಶ್ನೆಯನ್ನು ನಾನು ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಲ್ಲಿ ಇಟ್ಟು ನೋಡಬಯಸುತ್ತೇನೆ. ಅಲ್ಲಿಯ ಒಬ್ಬ ಯುವಕನೋ ಯುವತಿಯೋ ಇಂಥ ಸಂಕಲ್ಪ ಮಾಡಿದರೆಂದು ಇಟ್ಟುಕೊಳ್ಳೋಣ. ಅವರ ದೇಹ ಏನನ್ನು ಕಲಿಯಬೇಕಾದೀತು, ಯಾವ ಕ್ರಮದಲ್ಲಿ, ಎಷ್ಟು ಕಾಲದಲ್ಲಿ? ಊರನ್ನು ಆರಿಸಿದ್ದಕ್ಕೆ ಕಾರಣವುಂಟು. ದೇವಿಕೊಪ್ಪದ ಸೀಮೆ ಮಲೆನಾಡಿನ ಸೆರಗು. ಪಶ್ಚಿಮಕ್ಕೆ ಹೊರಟರೆ ಸಾಗುವಾನಿಯ ಕಾಡು, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆಯ ಕಡಲು. ಪೂರ್ವಕ್ಕೆ ಹೊರಟರೆ ಹುಬ್ಬಳ್ಳಿಯನ್ನು ದಾಟಿದೊಡನೆ ಅಣ್ಣಿಗೇರಿ, ನವಲಗುಂದಗಳ ಮರವಿಲ್ಲದ ಎರೆಭೂಮಿ. ಏರು, ಇಳಿಜಾರು, ತೇವ, ಒಣಬಿಸಿಲು, ಎದುರುಗಾಳಿ, ಇಷ್ಟೂ ಒಂದೇ ಊರಿನ ಸುತ್ತ ಒಂದು ದಿನದ ಸೈಕಲ್ ದಾರಿಯೊಳಗೆ ದೊರೆಯುವುದು ಅಪರೂಪ.

ದೂರವೂ ಈ ನೆಲಕ್ಕೆ ಹೊಸದಲ್ಲ. ಯುಗಾದಿಗೆ ಮುನ್ನ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರು ಉತ್ತರ ಕರ್ನಾಟಕದ ಊರೂರಿನಲ್ಲಿ ಉಂಟು. ಚೈತ್ರಕ್ಕೆ ಮೊದಲಿನ ಬಿಸಿಲಿನಲ್ಲಿ, ದಿನಗಟ್ಟಲೆ, ನೂರಾರು ಕಿಲೋಮೀಟರು. ಅವರಲ್ಲಿ ಅನೇಕರು ಕ್ರೀಡಾಪಟುಗಳಲ್ಲ, ವಯಸ್ಸಿನಲ್ಲಿ ಎಳೆಯರೂ ಅಲ್ಲ. ಅವರು ಗುರಿ ಮುಟ್ಟುವುದಕ್ಕೆ ಭಕ್ತಿಯಷ್ಟೇ ಮುಖ್ಯವಾದ ಕಾರಣ, ದಾರಿಯುದ್ದಕ್ಕೂ ಊರಿನವರು ನಡೆಸುವ ದಾಸೋಹ. ನಡೆದಷ್ಟು ಉಣ್ಣುತ್ತಾರೆ, ಉಂಡಷ್ಟು ನಡೆಯುತ್ತಾರೆ, ನಡುಹಗಲಿನಲ್ಲಿ ನೆರಳಿಗೆ ಮಲಗುತ್ತಾರೆ, ಸಂಜೆ ಬಿಸಿನೀರಿನಲ್ಲಿ ಕಾಲು ತೊಳೆಯುತ್ತಾರೆ. ಈ ನಾಲ್ಕೂ ಕ್ರಿಯೆಗಳು ವಿಜ್ಞಾನಸಮ್ಮತವಾದವು. ಮೊದಲನೆಯದರ ಮಹತ್ತ್ವವನ್ನು ಮುಂದೆ ವಿಸ್ತಾರವಾಗಿ ಹೇಳುವುದಿದೆ.

ಹುಟ್ಟಿನಿಂದ ಬಂದ ಶಕ್ತಿಯ ಮೇಲೆ ಅತಿಯಾದ ಭರವಸೆ ಇಟ್ಟರೆ ಏನಾಗುತ್ತದೆಂಬುದಕ್ಕೂ ನಿದರ್ಶನ ಇದೇ ಪ್ರಾಂತದಲ್ಲಿದೆ. ಉತ್ತರ ಕನ್ನಡದ ಕಾಡುಗಳಲ್ಲಿ ಮಾತ್ರವಲ್ಲದೆ ಕಲಘಟಗಿ ತಾಲ್ಲೂಕಿನಲ್ಲಿಯೂ ನೆಲೆಸಿರುವ ಸಿದ್ದಿ ಸಮುದಾಯದ ಪೂರ್ವಿಕರು ಆಫ್ರಿಕಾದಿಂದ ಬಂದವರು. ಆಫ್ರಿಕಾದ ಓಟಗಾರರ ಕೀರ್ತಿಯನ್ನು ನೆನೆದು, 1980ರ ದಶಕದ ಕೊನೆಯ ಭಾಗದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಅವರಲ್ಲಿ ಹಲವರು ಪದಕಗಳನ್ನೂ ಗೆದ್ದರು. ಆದರೆ ಯೋಜನೆ ಕೆಲವೇ ವರ್ಷಗಳಲ್ಲಿ ನಿಂತುಹೋಗಿ, ಮಕ್ಕಳು ಊರಿಗೆ ಮರಳಿದರು. ಸಹನಶಕ್ತಿಯ ಕ್ರೀಡೆಯಲ್ಲಿ ದೇಹ ಪಕ್ವವಾಗಲು ಎಂಟು ಹತ್ತು ವರ್ಷಗಳು ಹಿಡಿಯುತ್ತವೆ. ಪೂರ್ವಿಕರ ಖಂಡವನ್ನು ನೋಡಿ ಮಕ್ಕಳನ್ನು ಆರಿಸಿ, ಆ ಹತ್ತು ವರ್ಷಗಳ ಅನ್ನ, ವಿದ್ಯೆ, ವಿಶ್ರಾಂತಿಗಳನ್ನು ಅವರಿಗೆ ಕೊನೆಯವರೆಗೆ ಕೊಡದೆ ಹೋದದ್ದು ನನ್ನ ದೃಷ್ಟಿಯಲ್ಲಿ ಅವರಿಗಾದ ಅನ್ಯಾಯ.

ಇನ್ನು ಶರೀರದ ಒಳಗಿನ ವಿಚಾರ. ತರಬೇತಿ ಮೊದಲಾದ ಒಂದೆರಡು ವಾರಗಳಲ್ಲಿಯೇ ರಕ್ತದ ದ್ರವಾಂಶ ಹೆಚ್ಚುತ್ತದೆ. ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ದಬ್ಬಲು ಸಮರ್ಥವಾಗಿ, ಅದೇ ಕೆಲಸಕ್ಕೆ ನಾಡಿಯ ಬಡಿತ ಇಳಿಯುತ್ತದೆ. ಅನಂತರದ ವಾರಗಳಲ್ಲಿ ಸ್ನಾಯುವಿನ ಜೀವಕಣಗಳೊಳಗೆ ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ತಯಾರಿಸುವ ಮೈಟೊಕಾಂಡ್ರಿಯಾಗಳು ವೃದ್ಧಿಯಾಗುತ್ತವೆ. ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಸೇಂಟ್ ಲೂಯಿಸ್ ನಗರದ ಜಾನ್ ಹೊಲೊಸಿ. 1967ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ವಾರಗಟ್ಟಲೆ ಓಡುಪಟ್ಟಿಯ ಮೇಲೆ ಓಡಿದ ಇಲಿಗಳ ಸ್ನಾಯುಗಳು ಆಮ್ಲಜನಕವನ್ನು ಬಳಸುವ ಸಾಮರ್ಥ್ಯ, ಓಡದ ಇಲಿಗಳದಕ್ಕೆ ಹೋಲಿಸಿದರೆ, ಸುಮಾರು ಇಮ್ಮಡಿಯಾಗಿತ್ತು. ಸ್ನಾಯುವಿನ ಎಳೆಗಳ ಸುತ್ತ ಕೂದಲೆಳೆಗಿಂತ ಸೂಕ್ಷ್ಮವಾದ ರಕ್ತನಾಳಗಳೂ ಹೊಸದಾಗಿ ಚಿಗುರುತ್ತವೆ.

ಈ ಬದಲಾವಣೆಗಳಿಗೆ ಏದುಸಿರು ಬಿಡುವಷ್ಟು ಶ್ರಮ ಪ್ರತಿದಿನವೂ ಬೇಕೇ? ಬೇಕಿಲ್ಲ. ನಾರ್ವೆಯಲ್ಲಿ ನೆಲೆಸಿದ ಸಂಶೋಧಕ ಸ್ಟೀಫನ್ ಸೈಲರ್ ಅವರು ದೋಣಿಗೆ ಹುಟ್ಟು ಹಾಕುವವರು, ಹಿಮದ ಮೇಲೆ ಜಾರುವವರು, ಸೈಕಲ್ ಸವಾರರು, ಓಟಗಾರರು ಹೀಗೆ ಉತ್ತಮ ದರ್ಜೆಯ ಕ್ರೀಡಾಪಟುಗಳ ದಿನಚರಿಗಳನ್ನು ಪರಿಶೀಲಿಸಿ ಕಂಡುಕೊಂಡದ್ದೇನೆಂದರೆ, ಅವರ ತರಬೇತಿಯ ಐದರಲ್ಲಿ ನಾಲ್ಕು ಪಾಲು ಸುಲಭವಾದ ವೇಗದಲ್ಲಿ ನಡೆಯುತ್ತದೆ, ಉಳಿದ ಒಂದು ಪಾಲು ಮಾತ್ರ ಕಠಿಣವಾಗಿರುತ್ತದೆ. ಸುಲಭವಾದ ವೇಗವನ್ನು ಅಳೆಯಲು ಯಂತ್ರ ಬೇಡ; ಜೊತೆಯವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡುತ್ತ ಓಡಲು ಸಾಧ್ಯವಾದರೆ ಅದೇ ಆ ವೇಗ. ಹುರುಪಿನ ಹರೆಯದವರಿಗೆ ಈ ನಿಯಮ ಪಾಲಿಸುವುದು ಕಷ್ಟ, ಏಕೆಂದರೆ ಸ್ನಾಯುವೂ ಶ್ವಾಸವೂ ಆರು ವಾರಗಳಲ್ಲಿ ಸುಧಾರಿಸಿ, ಇನ್ನೂ ಹೆಚ್ಚು ಓಡೆಂದು ಅವರನ್ನು ಒತ್ತಾಯಿಸುತ್ತಿರುತ್ತವೆ. ಮಂದವಾಗಿ ಕಲಿಯುವ ಅಂಗದ ದುರಂತ ಇಲ್ಲಿಂದಲೇ ಪ್ರಾರಂಭ.

ಹಿಮ್ಮಡಿಯ ಮೇಲೆ ಎರಡು ಬೆರಳಿನಿಂದ ಹಿಡಿದರೆ ಗಟ್ಟಿಯಾದ ಹಗ್ಗದಂತೆ ಕೈಗೆ ಸಿಗುವ ಅಖಿಲೀಸ್ ರಜ್ಜುವನ್ನು ಓದುಗರು ಮುಟ್ಟಿ ನೋಡಬೇಕು. ಓಟದ ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕಕ್ಕೆ ಹಲವು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಅದು ಹಿಗ್ಗಿ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಮುಂದಿನ ಕ್ಷಣವೇ ಕುಗ್ಗಿ ಆ ಶಕ್ತಿಯನ್ನು ಹಿಂದಿರುಗಿಸುತ್ತದೆ. ಇದರ ವಸ್ತು ಕೊಲಾಜನ್ ಎಂಬ ಪ್ರೋಟೀನು. ಅದು ಎಷ್ಟು ಕಾಲಕ್ಕೊಮ್ಮೆ ನವೀಕರಣವಾಗುತ್ತದೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ಅತ್ಯಂತ ವಿಚಿತ್ರವಾದ ಮೂಲದಿಂದ. 1950ರ ದಶಕದ ಮಧ್ಯದಿಂದ 1963ರ ಪರೀಕ್ಷಾನಿಷೇಧದ ಒಪ್ಪಂದದವರೆಗೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳು ವಾತಾವರಣದ ವಿಕಿರಣಶೀಲ ಇಂಗಾಲದ ಪ್ರಮಾಣವನ್ನು ಹೆಚ್ಚುಕಡಮೆ ಇಮ್ಮಡಿ ಮಾಡಿದುವು. ಅನಂತರ ಅದು ವರ್ಷವರ್ಷಕ್ಕೂ ಇಳಿಯುತ್ತ ಬಂದಿತು. ಆ ಇಂಗಾಲವನ್ನು ಸಸ್ಯಗಳು ಹೀರಿದುವು, ಸಸ್ಯಗಳನ್ನು ನಾವು ಉಂಡೆವು. ಹೀಗಾಗಿ ಭೂಮಿಯ ಮೇಲಿನ ಪ್ರತಿಯೊಬ್ಬರ ಪ್ರತಿಯೊಂದು ಅಂಗದಲ್ಲಿಯೂ ಅದು ರಚನೆಯಾದ ವರ್ಷದ ಮುದ್ರೆ ಉಳಿಯಿತು. ಕೋಪನ್‌ಹೇಗನ್ನಿನ ಕಾತ್ಯಾ ಹೈನೆಮಯರ್ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಈ ಮುದ್ರೆಯನ್ನು ಅಖಿಲೀಸ್ ರಜ್ಜುವಿನ ಒಳತಿರುಳಿನಲ್ಲಿ ಓದಿದರು. ಸ್ನಾಯುವಿನಲ್ಲಿ ಎಡೆಬಿಡದ ನವೀಕರಣದ ಗುರುತಿತ್ತು. ರಜ್ಜುವಿನಲ್ಲಿದ್ದದ್ದು ಮಾತ್ರ ಆ ವ್ಯಕ್ತಿಗೆ ಸುಮಾರು ಹದಿನೇಳು ವರ್ಷ ತುಂಬುವವರೆಗಿನ ವಾತಾವರಣದ ಇಂಗಾಲ. ಎಂದರೆ, ಐವತ್ತರ ಹರೆಯದವನು ಓಡುವುದು ಮುಖ್ಯವಾಗಿ ತನ್ನ ಬಾಲ್ಯದಲ್ಲಿ ನೇಯ್ದ ರಜ್ಜುವಿನ ಮೇಲೆ.

ಈ ಶೋಧನೆ ನನ್ನನ್ನು ಬಹಳ ದಿನ ಕಾಡಿದೆ. ಹೊಲಕ್ಕೂ ಶಾಲೆಗೂ ನಡೆದು ಬೆಳೆದ ಹಳ್ಳಿಯ ಮಗುವಿಗೆ ಇದರಿಂದ ಲಾಭವಿರಬಹುದೆಂದು ಊಹಿಸಲು ಅವಕಾಶವಿದೆ. ಮಕ್ಕಳನ್ನು ಅಂಗಳದಿಂದ ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸುವ ನಮ್ಮ ಕಾಲದ ಪದ್ಧತಿ ಚಿಂತೆಗೂ ಎಡೆಮಾಡುತ್ತದೆ. ತಿರುಳು ಬದಲಾಗದಿದ್ದರೂ, ಕ್ರಮವಾಗಿ ಭಾರ ಹೊರಿಸಿದರೆ ರಜ್ಜುವು ತಿಂಗಳುಗಳ ಮೇಲೆ ಬಿಗಿಯನ್ನು ಪಡೆಯುತ್ತದೆ ಎಂಬುದು ಸಿದ್ಧವಾಗಿರುವುದರಿಂದ, ನಿರಾಶೆಗೆ ಕಾರಣವಿಲ್ಲ. ಅವಸರಕ್ಕೆ ಮಾತ್ರ ಅನುಮತಿಯಿಲ್ಲ. ಓಟದ ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ, ಮೂರು ವಾರ ಏರಿಸಿದ ಮೇಲೆ ಒಂದು ವಾರ ಇಳಿಸಿ, ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿ ನೊಂದರೆ ಆ ದಿನ ಓಡದೆ ಸೈಕಲ್ ತುಳಿಯುವುದು ವಿವೇಕ. ದಿನ ಬಿಟ್ಟು ದಿನ, ಮೆಟ್ಟಿಲಿನ ಅಂಚಿನ ಮೇಲೆ ಮುಂಗಾಲಿನಿಂದ ನಿಂತು, ಬೆನ್ನಿಗೆ ಒಂದು ಸಣ್ಣ ಚೀಲ ಜೋಳ ಕಟ್ಟಿಕೊಂಡು, ಹಿಮ್ಮಡಿಯನ್ನು ಮೆಲ್ಲಗೆ ಇಳಿಸಿ ಮೆಲ್ಲಗೆ ಏರಿಸುವ ವ್ಯಾಯಾಮಕ್ಕೆ ಖರ್ಚೇನೂ ಇಲ್ಲ. ಎಲುಬಿಗೂ ಇದೇ ನ್ಯಾಯ: ಹೊಸ ಭಾರಕ್ಕೆ ಎಲುಬು ಮೊದಲು ತನ್ನ ಹಳೆಯ ಅಂಶವನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆಯಾದ್ದರಿಂದ, ನಡುವಿನ ವಾರಗಳಲ್ಲಿ ಅದು ಮೊದಲಿಗಿಂತ ದುರ್ಬಲವಾಗಿರುತ್ತದೆ, ಆಗಲೇ ಹುರುಪಿನವರ ಮೊಳಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಡುವುದು.

ಆಹಾರದ ವಿಚಾರ ಇದಕ್ಕಿಂತಲೂ ವಿಸ್ತಾರವಾದದ್ದು. ದೇಹವು ಶರ್ಕರಪದಾರ್ಥವನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಶೇಖರಿಸಿಡುತ್ತದೆ. ಇದರಿಂದ ದೊರೆಯುವುದು 2,000 ಕಿಲೋಕ್ಯಾಲರಿಗಳಷ್ಟು ಶಕ್ತಿ. ಒಂದು ಕಿಲೋಮೀಟರು ಓಡಲು ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ ಸುಮಾರು ಒಂದು ಕಿಲೋಕ್ಯಾಲರಿ ವೆಚ್ಚವಾಗುವುದರಿಂದ, 60 ಕೆ.ಜಿ. ತೂಕದವನಿಗೆ ಕೊನೆಯ ದಿನದ 84 ಕಿ.ಮೀ. ಓಟವೊಂದಕ್ಕೇ 5,000 ಬೇಕು. ಕೊಬ್ಬಿನ ರೂಪದಲ್ಲಿ ಕೃಶನಾದವನಲ್ಲಿಯೂ ಹಲವು ಹತ್ತು ಸಾವಿರ ಕಿಲೋಕ್ಯಾಲರಿಗಳು ಇರುತ್ತವಾದರೂ, ಕೊಬ್ಬು ನಿಧಾನವಾಗಿ ಉರಿಯುತ್ತದೆ. ಮಂದವೇಗದಲ್ಲಿ ಕೊಬ್ಬನ್ನೇ ಹೆಚ್ಚಾಗಿ ಬಳಸಿ ಗ್ಲೈಕೋಜನನ್ನು ಉಳಿಸುವ ಅಭ್ಯಾಸವನ್ನು ಸ್ನಾಯುಗಳು ಆ ದೀರ್ಘವಾದ, ಸುಲಭವಾದ ದಿನಗಳಲ್ಲಿ ಕಲಿಯುತ್ತವೆ.

ಗ್ಲೈಕೋಜನಿನ ಶೇಖರಣೆಯನ್ನು ಹಿಗ್ಗಿಸಬಹುದೆಂದು ತಿಳಿದುಬಂದ ಕಥೆ ಸ್ವಾರಸ್ಯವಾದದ್ದು. 1966ರಲ್ಲಿ ಸ್ಟಾಕ್‌ಹೋಮಿನ ಯೋನಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ಎಂಬ ವೈದ್ಯರು ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಒಂದೇ ವ್ಯಾಯಾಮದ ಸೈಕಲಿನ ಎರಡು ಪಕ್ಕಗಳಲ್ಲಿ ಕುಳಿತು, ಒಬ್ಬರು ಬಲಗಾಲಿನಿಂದಲೂ ಮತ್ತೊಬ್ಬರು ಎಡಗಾಲಿನಿಂದಲೂ ಸಾಕಾಗುವವರೆಗೆ ತುಳಿದರು. ಬಳಿಕ ಮೂರು ದಿನ ಪಿಷ್ಟವೇ ಪ್ರಧಾನವಾದ ಊಟ ಮಾಡಿ, ತೊಡೆಯಿಂದ ಸೂಜಿಯ ಮೂಲಕ ಸ್ನಾಯುವಿನ ತುಣುಕು ತೆಗೆದು ನೋಡಿದರೆ, ತುಳಿದ ಕಾಲಿನಲ್ಲಿ ಗ್ಲೈಕೋಜನ್ ವಿಶ್ರಾಂತಿಯಲ್ಲಿದ್ದ ಕಾಲಿಗಿಂತ ಸುಮಾರು ಇಮ್ಮಡಿಯಾಗಿತ್ತು. ಒಂದೇ ರಕ್ತ, ಒಂದೇ ಊಟ. ದಣಿದ ಅಂಗವೇ ತನ್ನ ಪಾಲನ್ನು ಹೆಚ್ಚಿಸಿಕೊಂಡಿತ್ತು.

ಇಷ್ಟಾದರೂ ಶೇಖರಣೆ ಸಾಲದು, ದಾರಿಯಲ್ಲಿ ತಿನ್ನಲೇಬೇಕು. ತಿಂದದ್ದು ರಕ್ತವನ್ನು ಸೇರಬೇಕಾದರೆ ಸಣ್ಣ ಕರುಳಿನ ಗೋಡೆಯನ್ನು ದಾಟಬೇಕು. ಗ್ಲೂಕೋಸಿನ ಒಂದು ಅಣುವನ್ನು ಸೋಡಿಯಮ್ಮಿನ ಎರಡು ಅಯಾನುಗಳ ಜೊತೆಯಲ್ಲಿ ಒಳಗೆ ಸೆಳೆದುಕೊಳ್ಳುವ ವಾಹಕವೊಂದು ಅಲ್ಲಿದೆ. ರಾಬರ್ಟ್ ಕ್ರೇನ್ ಅವರು 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಇದನ್ನು ಪ್ರತಿಪಾದಿಸಿದರು. ಉಪ್ಪು ಸಕ್ಕರೆಗಳನ್ನು ಕೂಡಿಸಿ ಕುಡಿಸಿದರೆ ನೀರೂ ಅವುಗಳ ಹಿಂದೆಯೇ ಒಳಸೇರುತ್ತದೆಂಬ ಇದೇ ತತ್ತ್ವದ ಮೇಲೆ, 1971ರಲ್ಲಿ ಬಂಗಾಳದ ಗಡಿಯ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಕಾಲರಾ ರೋಗಿಗಳಿಗೆ ಸಕ್ಕರೆ ಉಪ್ಪಿನ ನೀರನ್ನು ಕುಡಿಸಿ ಅಸಂಖ್ಯಾತರ ಪ್ರಾಣ ಉಳಿಸಿದರು. ಮರಣಶಯ್ಯೆಯ ಶಿಶುವಿಗೂ ಸ್ಪರ್ಧೆಯ ಸವಾರನಿಗೂ ಕರುಳಿನ ಬಾಗಿಲು ಒಂದೇ ಎಂಬುದನ್ನು ನೆನೆದಾಗಲೆಲ್ಲ ನನಗೆ ವಿಜ್ಞಾನದ ಮೇಲಿನ ಗೌರವ ಇಮ್ಮಡಿಸುತ್ತದೆ.

ಈ ವಾಹಕಕ್ಕೆ ಮಿತಿಯುಂಟು. ಗಂಟೆಗೆ ಸುಮಾರು 60 ಗ್ರಾಂ ಗ್ಲೂಕೋಸನ್ನು ಮಾತ್ರ ಅದು ಸಾಗಿಸಬಲ್ಲದು. ಹಣ್ಣುಸಕ್ಕರೆಯಾದ ಫ್ರಕ್ಟೋಸಿಗೆ ಬೇರೊಂದು ವಾಹಕ ಇರುವುದರಿಂದ, ಎರಡನ್ನೂ ಬೆರಸಿ ಕೊಟ್ಟರೆ ಗಂಟೆಗೆ 90 ಗ್ರಾಂ ವರೆಗೆ ಏರಿಸಬಹುದು. ಪೇಟೆಯಲ್ಲಿ ದುಬಾರಿ ಬೆಲೆಗೆ ಮಾರುವ ಕ್ರೀಡಾಪಾನೀಯಗಳ ರಹಸ್ಯ ಇಷ್ಟೆ. ಕಲಘಟಗಿ ಸೀಮೆಯ ಕಬ್ಬಿನ ಬೆಲ್ಲದಲ್ಲಿ ಬಹುಪಾಲು ಇರುವುದು ಸುಕ್ರೋಸ್. ಕರುಳಿನಲ್ಲಿ ಅದು ಒಡೆದು ಸಮಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಒಂದು ಲೀಟರು ನೀರಿಗೆ ಹಿಡಿಯಲ್ಲಿ ಹಿಡಿಸುವಷ್ಟು, ಎಂದರೆ 60 ಗ್ರಾಮಿನಷ್ಟು ಬೆಲ್ಲವನ್ನು ಪುಡಿಮಾಡಿ ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮಟ್ಟಸವಾದ ಕಾಲು ಚಮಚದಿಂದ ಅರ್ಧ ಚಮಚದಷ್ಟು ಉಪ್ಪು, ಅರ್ಧ ಲಿಂಬೆಯ ರಸ ಬೆರಸಿದರೆ, ಶಾಸ್ತ್ರಕ್ಕೆ ಒಪ್ಪುವ ಪಾನಕ ಸಿದ್ಧ. ಸೋಸುವುದನ್ನು ಮರೆಯಬಾರದು, ಬೆಲ್ಲದ ಕಸ ಸೈಕಲ್ ಬಾಟಲಿಯ ಮೂತಿಯಲ್ಲಿ ಸಿಕ್ಕಿಕೊಂಡು, ಬೇಕಾದ ಹೊತ್ತಿಗೆ ಹನಿ ನೀರೂ ಬಾರದೆ ಹೋಗುತ್ತದೆ.

ಕರುಳೂ ಕಲಿಯುವ ಅಂಗವೇ. ಕಠಿಣ ಶ್ರಮದಲ್ಲಿ ರಕ್ತವೆಲ್ಲ ಸ್ನಾಯುಗಳಿಗೂ ಚರ್ಮಕ್ಕೂ ಹರಿದು, ಕರುಳಿಗೆ ಸಾಮಾನ್ಯ ಪಾಲಿನ ಐದನೆಯ ಒಂದಂಶ ಮಾತ್ರ ಉಳಿಯಬಹುದು. ಅಂಥ ಸ್ಥಿತಿಯಲ್ಲಿ ಅಭ್ಯಾಸವಿಲ್ಲದ ಹೊಟ್ಟೆಗೆ ಆಹಾರ ಸುರಿದರೆ ಅದು ವಾಂತಿಯಾಗಿ ಹೊರಬರುತ್ತದೆ. ದೀರ್ಘಸ್ಪರ್ಧೆಗಳಲ್ಲಿ ಕಾಲು ಸೋತು ನಿಂತವರಷ್ಟೇ ಹೊಟ್ಟೆ ಕೆಟ್ಟು ನಿಂತವರೂ ಉಂಟು. ಆದಕಾರಣ ವಾರದ ಉದ್ದದ ಸವಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಬಾಳೆಹಣ್ಣು, ಮೊಸರನ್ನ, ಬೆಲ್ಲದ ಪಾನಕ ಹೀಗೆ ಸ್ಪರ್ಧೆಯ ದಿನ ತಿನ್ನತಕ್ಕದ್ದನ್ನೇ ತಿನ್ನುತ್ತ ಹೋದರೆ, ಜಠರ ಬೇಗ ಬರಿದಾಗುವುದನ್ನೂ ಕರುಳಿನ ವಾಹಕಗಳು ಹೆಚ್ಚುವುದನ್ನೂ ಕೆಲವು ವಾರಗಳಲ್ಲಿ ಕಾಣಬಹುದು. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಇವುಗಳ ಧಾರವಾಡದ ಊಟ ತರಬೇತಿಯ ದಿನಗಳಿಗೆ ಅತ್ಯುತ್ತಮ. ಪಿಷ್ಟವೂ ಪ್ರೋಟೀನೂ ಕೊಬ್ಬೂ ಒಂದೇ ತಾಟಿನಲ್ಲಿ ಕೂಡಿವೆ. ಆದರೆ ಜೋಳದಲ್ಲಿ ನಾರು ಹೆಚ್ಚು, ಅದರ ಪಿಷ್ಟ ಕರಗುವುದೂ ನಿಧಾನ. ಸ್ಪರ್ಧೆಯ ಹಿಂದಿನ ಎರಡು ದಿನ ರೊಟ್ಟಿಯನ್ನು ಬದಿಗಿಟ್ಟು ಬಿಳಿಯ ಅನ್ನಕ್ಕೆ ಹೊರಳುವುದು ಒಳ್ಳೆಯದು. ರೊಟ್ಟಿಯಿಲ್ಲದೆ ಊಟವೇ ಅಲ್ಲವೆನ್ನುವ ಮನೆಯವರನ್ನು ಆ ಎರಡು ದಿನಗಳ ಮಟ್ಟಿಗೆ ಒಪ್ಪಿಸಬೇಕು.

2019ರಲ್ಲಿ ಹರ್ಮನ್ ಪಾಂಟ್ಸರ್ ಮೊದಲಾದ ಸಂಶೋಧಕರು, ಅಮೆರಿಕ ಖಂಡವನ್ನು ಅಡ್ಡಲಾಗಿ ತಿಂಗಳುಗಟ್ಟಲೆ ಓಡಿದವರ ಶಕ್ತಿವ್ಯಯವನ್ನು ಅಳೆದು, ಇತರ ದೀರ್ಘಸಾಹಸಗಳೊಡನೆ ಹೋಲಿಸಿ, ಒಂದು ಗಮನಾರ್ಹ ನಿರ್ಣಯಕ್ಕೆ ಬಂದರು: ಮನುಷ್ಯನು ವಿಶ್ರಾಂತಿಯಲ್ಲಿ ದಿನವೊಂದಕ್ಕೆ ವ್ಯಯಿಸುವ ಶಕ್ತಿಯ ಎರಡೂವರೆ ಪಟ್ಟನ್ನು ಮೀರಿ ಬಹುಕಾಲ ವ್ಯಯಿಸಲಾರ, ಏಕೆಂದರೆ ಅದಕ್ಕಿಂತ ಹೆಚ್ಚು ಆಹಾರವನ್ನು ಅವನ ಕರುಳು ಹೀರಿಕೊಡಲಾರದು. 60 ಕೆ.ಜಿ. ತೂಕದ ತರುಣನಿಗೆ ಆ ಮಿತಿ ದಿನಕ್ಕೆ 3,700ರಿಂದ 4,000 ಕಿಲೋಕ್ಯಾಲರಿಗಳ ಆಸುಪಾಸು. ಸ್ಪರ್ಧೆಯ ಮೂರು ದಿನಗಳಲ್ಲಿ ಅವನು ಇದನ್ನು ಮೀರಿ ದೇಹದ ಬಂಡವಾಳದಿಂದ ಸಾಲ ಎತ್ತಬಹುದು. ತರಬೇತಿಯ ತಿಂಗಳುಗಳನ್ನು ಸಾಲದ ಮೇಲೆ ನಡೆಸುವಂತಿಲ್ಲ. ಹಗಲೆಲ್ಲ ಹೊಲದಲ್ಲಿ ಕಳೆ ಕೀಳುವವನಿಗೆ, ಹತ್ತಿ ಬಿಡಿಸುವವಳಿಗೆ ಆ ಮಿತಿಯ ದೊಡ್ಡ ಪಾಲು ಹೊಲದಲ್ಲಿಯೇ ಖರ್ಚಾಗಿರುತ್ತದೆಂಬುದನ್ನು ನಗರದ ತರಬೇತಿಯ ಪುಸ್ತಕಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿತ್ತನೆಯ, ಸುಗ್ಗಿಯ ವಾರಗಳಲ್ಲಿ ಓಟವನ್ನು ಅರ್ಧಕ್ಕಿಳಿಸಿದರೆ ನಷ್ಟವಿಲ್ಲ. ಉಣ್ಣುವುದು ಕಡಮೆಯಾಗಿ ದುಡಿಯುವುದು ಹೆಚ್ಚಾದ ದೇಹವು ತನಗೆ ಆ ಹೊತ್ತಿಗೆ ಅವಶ್ಯವಲ್ಲವೆಂದು ತೋರಿದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ: ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುತ್ತದೆ, ಎಲುಬು ತೆಳುವಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಮುಟ್ಟು ನಿಂತದ್ದನ್ನು ಒಳ್ಳೆಯ ತರಬೇತಿಯ ಲಕ್ಷಣವೆಂದು ತಿಳಿಯುವ ತಪ್ಪು ಕಲ್ಪನೆ ಇನ್ನೂ ಇದೆ. ಅದು ಹಸಿವಿನ ಲಕ್ಷಣ, ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ರಕ್ತಹೀನತೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿರುವುದರಿಂದ, ಮೊದಲ ಓಟಕ್ಕೆ ಮುಂಚೆಯೇ ತಾಲ್ಲೂಕಿನ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದೂ, ಊಟದೊಡನೆ ಚಹಾ ಕುಡಿಯುವ ಅಭ್ಯಾಸವನ್ನು ಬಿಟ್ಟು ಸೊಪ್ಪಿನ ಪಲ್ಯಕ್ಕೆ ಲಿಂಬೆ ಹಿಂಡಿಕೊಳ್ಳುವುದೂ ಮೇಲು. ಚಹಾ ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ, ಲಿಂಬೆ ಅದಕ್ಕೆ ನೆರವಾಗುತ್ತದೆ.

ಸ್ನಾಯುಗಳು ಉರಿಸಿದ ಆಹಾರದ ನಾಲ್ಕನೆಯ ಒಂದಂಶ ಮಾತ್ರ ಚಲನೆಯಾಗಿ, ಉಳಿದದ್ದೆಲ್ಲ ಶಾಖವಾಗುತ್ತದೆ. ಅದನ್ನು ಹೊರಹಾಕುವ ಮುಖ್ಯ ಉಪಾಯ ಬೆವರು. ಒಂದು ಲೀಟರು ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಆವಿಯಾಗದೆ ತೊಟ್ಟಿಕ್ಕಿದ ಬೆವರಿನಿಂದ ತಂಪಿಲ್ಲ, ನೀರಿನ ನಷ್ಟ ಮಾತ್ರ. ಏಪ್ರಿಲ್ ತಿಂಗಳಲ್ಲಿ ನವಲಗುಂದದ ಕಡೆ ಓಡುವವನ ಅಂಗಿ ಒಣಗಿ ಉಪ್ಪಿನ ಬಿಳಿಗೆರೆ ಮೂಡಿದ್ದರೆ, ಅದೇ ದಿನ ಅಂಕೋಲೆಯ ದಂಡೆಯಲ್ಲಿ ಓಡುವವನ ಅಂಗಿ ಹಿಂಡಿದರೆ ನೀರು ಸುರಿಯುತ್ತದೆ. ಉಷ್ಣಮಾಪಕದಲ್ಲಿ ನವಲಗುಂದವೇ ಬಿಸಿಯಾದರೂ ದೇಹಕ್ಕೆ ಹೆಚ್ಚು ಅಪಾಯವಿರುವುದು ಕರಾವಳಿಯಲ್ಲಿರಬಹುದು. ಗೋವೆಯ ಸ್ಪರ್ಧೆಗೆ ಹೊರಡುವವರು ಇದನ್ನು ಗಮನಿಸಬೇಕು. ದಿನಕ್ಕೆ ಒಂದೂವರೆ ಗಂಟೆಯಂತೆ ಹತ್ತರಿಂದ ಹದಿನಾಲ್ಕು ದಿನ ಬಿಸಿಲಿನಲ್ಲಿ ಮಿತವಾದ ಶ್ರಮ ಮಾಡಿದರೆ ರಕ್ತದ ದ್ರವ ಹೆಚ್ಚಿ, ಬೆವರು ಬೇಗ ಮೊದಲಾಗಿ, ಅದರಲ್ಲಿ ಉಪ್ಪಿನ ಅಂಶ ಕಡಮೆಯಾಗುತ್ತದೆ. ಬಿಸಿಲು ತಪ್ಪಿಸಿದರೆ ಕೆಲವೇ ವಾರಗಳಲ್ಲಿ ಈ ಗುಣ ಕರಗಿಹೋಗುತ್ತದೆ.

ಎಷ್ಟು ನೀರು ಕುಡಿಯಬೇಕೆಂಬುದರಲ್ಲಿ ಅತಿರೇಕದ ಉಪದೇಶಗಳು ಬಹಳ. ಓಡುವ ಮೊದಲೂ ಓಡಿದ ಮೇಲೂ ತಕ್ಕಡಿಯ ಮೇಲೆ ನಿಂತು, ಇಳಿದ ಒಂದೊಂದು ಕಿಲೋಗ್ರಾಮನ್ನು ಸುಮಾರು ಒಂದು ಲೀಟರು ಬೆವರೆಂದು ತಿಳಿದು, ತನ್ನ ದೇಹದ ಲೆಕ್ಕವನ್ನು ತಾನೇ ಮಾಡಿಕೊಳ್ಳಬಹುದು. ಬಾಯಾರದೆ ಬರೀ ನೀರನ್ನು ಕುಡಿಯುತ್ತಲೇ ಹೋಗುವುದು ಅಪಾಯಕರ: 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಲ್ಪಟ್ಟ 488 ಓಟಗಾರರಲ್ಲಿ ನೂರಕ್ಕೆ ಹದಿಮೂರು ಮಂದಿಯ ರಕ್ತದಲ್ಲಿ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ಕೆಳಗಿಳಿದಿತ್ತು. ಸೋಡಿಯಂ ಇಳಿದರೆ ಮೆದುಳು ಊದಿಕೊಂಡು, ತಲೆನೋವು, ಭ್ರಮೆ, ಮೂರ್ಛೆ ಬರುತ್ತವೆ. ನೋಡಿದವರು ನೀರಡಿಕೆಯೆಂದು ಭ್ರಮಿಸಿ ಇನ್ನಷ್ಟು ನೀರು ಕುಡಿಸಿದರೆ ಪ್ರಾಣಕ್ಕೇ ಸಂಚಕಾರ.

ಈಜಿನ ವಿಷಯ ಸಂಕ್ಷೇಪವಾಗಿ ಹೇಳಬಹುದು. ನೀರಿನ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಇಲ್ಲಿ ಬಲಕ್ಕಿಂತ ಭಂಗಿಯೇ ಪ್ರಧಾನ. ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಕಲಿತ ನಮ್ಮ ಹಳ್ಳಿಯ ಈಜು ಧೈರ್ಯವನ್ನು ಕೊಡುತ್ತದೆ. ಆದರೆ ತಲೆಯನ್ನು ಮೇಲೆತ್ತಿ ಈಜುವ ರೂಢಿಯಿಂದ ಕಾಲು ಕೆಳಗಿಳಿದು, ದೇಹ ಓರೆಯಾಗಿ, ಹತ್ತು ಕಿಲೋಮೀಟರಿಗೆ ಬೇಕಾದ ಮಿತವ್ಯಯ ದೊರೆಯದು. ಹುಬ್ಬಳ್ಳಿ ಧಾರವಾಡಗಳ ಈಜುಕೊಳದಲ್ಲಿ ಬಲ್ಲವರ ಕಣ್ಣೆದುರು ಕೆಲವು ತಿಂಗಳು ಕಲಿತು, ಆಮೇಲೆ ಕೆರೆಗೆ ಇಳಿಯಬೇಕು. ಕೆರೆಯಲ್ಲಿ ಕೆಸರೂ ಜೊಂಡೂ ಇರುವುದರಿಂದ, ಎಷ್ಟೇ ಬಲ್ಲವರಾದರೂ ಒಬ್ಬರೇ ಇಳಿಯಕೂಡದು, ದಡದಲ್ಲಿ ಹಗ್ಗ ಹಿಡಿದ ಜೊತೆಗಾರನಿರಬೇಕು.

ಸೈಕಲಿಗೆ ಶತ್ರು ಗಾಳಿ. ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, 20ರಿಂದ 30 ಕಿ.ಮೀ. ವೇಗಕ್ಕೆ ಏರಿದರೆ ಆ ವೆಚ್ಚ ಮೂರು ಪಟ್ಟನ್ನು ಮೀರುತ್ತದೆ. ಅಣ್ಣಿಗೇರಿಯ ಬಯಲಿನಲ್ಲಿ ಎದುರುಗಾಳಿಗೆ ಮೈ ಬಗ್ಗಿಸಿ, ವೇಗ ಕುಸಿದರೂ ಕಾಲಿನ ಒತ್ತಡವನ್ನು ಏರಿಸದೆ ತುಳಿಯುವ ಸಂಯಮವನ್ನು ಕಲಿಯಬಹುದು. ಹುಬ್ಬಳ್ಳಿಯಿಂದ ಹೊರಡುವ ಬ್ರೆವೆ ಎಂಬ ದೀರ್ಘಸವಾರಿಗಳೂ ಉಪಯುಕ್ತ: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಗಳ ಮಿತಿ. ಇಲ್ಲಿ ಗೆದ್ದವರು ಸೋತವರು ಎಂಬ ಭೇದವಿಲ್ಲದಿರುವುದು ನನಗೆ ಬಹಳ ಪ್ರಿಯವಾದ ಸಂಗತಿ. ಓಟದಲ್ಲಿ ತೊಡೆಯ ಸ್ನಾಯುಗಳನ್ನು ಹರಿಯುವುದು ಏರಲ್ಲ, ಇಳಿಜಾರು; ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾದಾಗ ಅದರ ಸೂಕ್ಷ್ಮ ಎಳೆಗಳು ಕಡಿಯುತ್ತವೆ. ಅಚ್ಚರಿಯೆಂದರೆ, ಒಂದು ಸಲ ಇಳಿಜಾರಿನಲ್ಲಿ ಓಡಿ ನೊಂದ ಸ್ನಾಯು ಮುಂದಿನ ಹಲವು ವಾರಗಳವರೆಗೆ ಅದೇ ಪೆಟ್ಟಿಗೆ ಅಷ್ಟಾಗಿ ನೋಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಗುಡ್ಡದ ಇಳಿಜಾರಿನಲ್ಲಿ ಮಿತವಾಗಿ ಓಡಿದರೆ ಸಾಕು.

ದೇವಿಕೊಪ್ಪದ ಪಂಚಾಂಗಕ್ಕೆ ಈ ಕೆಲಸಗಳನ್ನು ಹೊಂದಿಸುವುದಾದರೆ, ಮೃಗಶಿರಾ, ಆರಿದ್ರಾ ಮಳೆಗಳಿಂದ ಮೊದಲಾಗುವ ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ ಲಾರಿಗಳ ನಡುವೆ ಸೈಕಲ್ ತುಳಿಯುವುದು ಜೀವಕ್ಕೆ ಹಾನಿ; ಹೊಲದ ದಾರಿಯಲ್ಲಿ ಓಡಿದರೆ ಬೂಟಿನ ಅಡಿಗೆ ಹಸಿಮಣ್ಣು ಹೆಜ್ಜೆಹೆಜ್ಜೆಗೂ ಹತ್ತಿ, ಒಂದೊಂದು ಕಾಲೂ ಕಲ್ಲು ಕಟ್ಟಿದಂತಾಗುತ್ತದೆ. ಆ ಎರಡು ಮೂರು ತಿಂಗಳು ಈಜಿಗೂ, ಮೆಟ್ಟಿಲಿನ ವ್ಯಾಯಾಮಕ್ಕೂ, ಡಾಂಬರಿನ ಮೇಲಿನ ಕಿರಿಯ ಓಟಗಳಿಗೂ ಮೀಸಲಾಗಲಿ. ಹಿಂಗಾರು ಹಿಂದಾದ ಮೇಲೆ, ಕಾರ್ತಿಕದಿಂದ ಮಾಘದವರೆಗಿನ ತಂಪಾದ ಬೆಳಗುಗಳು ದೂರವನ್ನು ಬೆಳೆಸುವ ಕಾಲ. ಫಾಲ್ಗುಣ, ಚೈತ್ರಗಳಲ್ಲಿ ಶಾಖದ ಅಭ್ಯಾಸ. ರಾತ್ರಿಯ ಎಂಟು ಗಂಟೆಗಳ ನಿದ್ರೆ ಮಾತ್ರ ಯಾವ ಋತುವಿಗೂ ಬದಲಾಗದು. ದಿನವೆಲ್ಲ ಹರಿದ ಅಂಗಗಳು ತಮ್ಮನ್ನು ತಾವು ಹೊಲಿದುಕೊಳ್ಳುವುದು ಹೆಚ್ಚಾಗಿ ಆಗಲೇ.

ಸ್ಪರ್ಧೆಗೆ ಎರಡು ವಾರ ಉಳಿದಾಗ ಅಭ್ಯಾಸವನ್ನು ಅರ್ಧದಷ್ಟು ಇಳಿಸಬೇಕೆಂಬುದರಲ್ಲಿ ಸಂಶೋಧಕರಿಗೆ ಬಹುಮಟ್ಟಿಗೆ ಏಕಾಭಿಪ್ರಾಯವಿದೆ; ವೇಗವನ್ನು ಬಿಡಬಾರದು, ದೂರವನ್ನು ಮಾತ್ರ ಕತ್ತರಿಸಬೇಕು. ಈ ದಿನಗಳು ಮನಸ್ಸಿಗೆ ಕಠಿಣ. ಕಾಲು ಭಾರವೆನಿಸುತ್ತದೆ, ಇಲ್ಲದ ನೋವುಗಳು ತೋರುತ್ತವೆ, ಇನ್ನೊಂದು ಉದ್ದದ ಸವಾರಿ ಮಾಡಿಬಿಡೋಣವೆಂಬ ಚಪಲ ಹುಟ್ಟುತ್ತದೆ; ಆ ಸವಾರಿಯಿಂದ ಸಿಗಬಹುದಾದ ಲಾಭವನ್ನು ದೇಹಕ್ಕೆ ಸ್ಪರ್ಧೆಯ ದಿನದೊಳಗೆ ಕೂಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಕೊನೆಯ ಎರಡು ಮೂರು ದಿನ ಅನ್ನ, ಬಾಳೆಹಣ್ಣು, ಬೆಲ್ಲಗಳ ಊಟ ಹೆಚ್ಚಿದಾಗ, ಒಂದೊಂದು ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ತಕ್ಕಡಿಯ ಮುಳ್ಳು ಒಂದರಿಂದ ಎರಡು ಕಿಲೋಗ್ರಾಂ ಮೇಲೇರುತ್ತದೆ. ಕೊಬ್ಬು ಬಂದಿತೆಂದು ಹೆದರಿ ಊಟ ಬಿಡುವವರುಂಟು, ಬಿಡಕೂಡದು. ಆ ತೂಕ ಮೊದಲ ದಿನದ ಈಜು ಮುಗಿದು ಸೈಕಲಿನ ಮೇಲೆ ಮಧ್ಯಾಹ್ನವಾಗುವ ಹೊತ್ತಿಗೆ ಬಹುಮಟ್ಟಿಗೆ ಖರ್ಚಾಗಿರುತ್ತದೆ.